ತೌಡಿಗೆ ಮಾರಿದ ಹುಡುಗಿಯ ನಂಬರು

ಮೊನ್ನೆ ಪೆನ್ಶನ್ ಕಾಗದಕ್ಕೆ ಸಹಿ ಹಾಕಿಸಲು ನಮ್ಮ ಹಳೆಯ ಆಸ್ಪತ್ರೆಗೆ ಹೋಗಿದ್ದೆ. ನಾನು ಕೂರುತ್ತಿದ್ದ ದಾಖಲೆ ವಿಭಾಗದಲ್ಲಿ ಈಗ ಹೊಸ ಹುಡುಗಿಯರು ಕೂತಿದ್ದಾರೆ. ಅವರಲ್ಲಿ ಒಬ್ಬಳು ಕೇಳಿದಳು: "ಮೇಡಂ, ಆಧಾರ್ ಕಾರ್ಡ್ ಇಲ್ಲದ ಕಾಲದಾಗ ಪೇಶಂಟ್ ಯಾರು ಅಂತ ಹೆಂಗ ಪತ್ತೆ ಹಚ್ಚತಿದ್ರಿ?"

"ಅವರನ್ನ ಕೇಳತಿದ್ವಿ," ಅಂದೆ.

ಎಲ್ಲರೂ ನಕ್ಕರು. ನಾನು ನಗಿಸಲು ಹೇಳಿದ್ದಲ್ಲ. ಕೇಳುವುದೇ ನಮ್ಮ ಕೆಲಸದ ಕಷ್ಟದ ಭಾಗ ಎಂದು ಅವರಿಗೆ ಇನ್ನೂ ಯಾರೂ ಹೇಳಿಕೊಟ್ಟಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಗುಮಾಸ್ತೆಯಾದೆ, ಯಾವಾಗ ಮೇಲ್ವಿಚಾರಕಿಯಾದೆ ಎಂಬುದೆಲ್ಲ ಸರ್ವಿಸ್ ಪುಸ್ತಕದಲ್ಲಿದೆ. ಅದನ್ನು ಓದಿ ಯಾರ ಹೊಟ್ಟೆಯೂ ತುಂಬುವುದಿಲ್ಲ.

ಹೊಸ ಶತಮಾನ ಆಗತಾನೇ ಶುರುವಾಗಿತ್ತು. ನಮ್ಮ ಬೆಳಗಾವಿಯ ಆಸ್ಪತ್ರೆಯಲ್ಲಿ ರಕ್ತರೋಗಗಳನ್ನು ನೋಡುತ್ತಿದ್ದವರು ದೇಸಾಯಿ ಡಾಕ್ಟರು. ಸಕ್ಕರೆಯಿಲ್ಲದ ಚಹಾ ಕುಡಿಯುವವರು, ಮಾತಿನಲ್ಲೂ ಅಷ್ಟೇ ಸಕ್ಕರೆ. ಅವರ ಹತ್ತಿರ ಬರುತ್ತಿದ್ದವರು ಬಹಳ ಅಪರೂಪದ ರೋಗದವರು, ಗಾಯವಾದರೆ ರಕ್ತ ನಿಲ್ಲದವರು, ಒಂದು ತಾಲೂಕಿಗೆ ಒಬ್ಬರೋ ಇಬ್ಬರೋ. ಆದರೆ ನಮ್ಮ ಭಾಗದ ಜನ ಒಂದೇ ದವಾಖಾನೆಗೆ ಹೋಗುವವರಲ್ಲ. ಖಾನಾಪುರದವರು ಇವತ್ತು ಬೆಳಗಾವಿಗೆ ಬಂದರೆ ನಾಳೆ ಗೋವಾಕ್ಕೆ ಹೋಗುತ್ತಾರೆ, ನಾಡಿದ್ದು ಮಹಾರಾಷ್ಟ್ರದ ಕಡೆ. ಮೂರೂ ಕಡೆ ಮೂರು ಪಟ್ಟಿ, ಮೂರು ನಂಬರು. ಅಲ್ಲಿ ಮಾಡಿದ ಪರೀಕ್ಷೆ ಇಲ್ಲಿಗೆ ಗೊತ್ತಿಲ್ಲ, ಇಲ್ಲಿ ಕೊಟ್ಟ ಔಷಧ ಅಲ್ಲಿಗೆ ಗೊತ್ತಿಲ್ಲ.

ಮೂರೂ ಆಸ್ಪತ್ರೆಯವರು ಕೂತು ಮಾತಾಡಿ, ಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸಿ ಪ್ರತಿ ರೋಗಿಗೂ ಒಂದೇ ನಂಬರು ಕೊಡುವುದೆಂದು ಗೊತ್ತು ಮಾಡಿದರು. ಅದರ ಪ್ರೋಗ್ರಾಂ ಬರೆದವರು ಟಿಳಕವಾಡಿಯ ಮೀನಲ್ ಮೇಡಂ, ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವರು. ಮನೆಮಾತು ಮರಾಠಿ, ಸಿಟ್ಟು ಬಂದರೆ ಮಾತ್ರ ಶುದ್ಧ ಕನ್ನಡ. ಗೋವಾದ ಪಟ್ಟಿ ಫ್ಲಾಪಿಯಲ್ಲಿ, ಫ್ಲಾಪಿ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಡಬ್ಬಿ ಗೋವಾ ಬಸ್ಸಿನ ಕಂಡಕ್ಟರನ ಕೈಯಲ್ಲಿ ಬರುತ್ತಿತ್ತು. ಅದನ್ನು ಇಸಿದುಕೊಳ್ಳಲು ಬಸ್‌ಸ್ಟ್ಯಾಂಡಿಗೆ ಹೋಗುವುದು ನನ್ನ ಕೆಲಸ. ಡಿಜಿಟಲ್ ಯುಗಕ್ಕೆ ನಾನು ಕಾಲಿಟ್ಟಿದ್ದು ಹೀಗೆ, ಚಪ್ಪಲಿ ಸವೆಸಿಕೊಂಡು.

ಮೊದಲ ಸಲ ಪಟ್ಟಿಗಳನ್ನು ಕೂಡಿಸಿದಾಗ ಮೀನಲ್ ಮೇಡಂ ಕೀಬೋರ್ಡನ್ನೇ ಅನುಮಾನಿಸಿದರು. "ಪಾರ್ವತಿಬಾಯಿ, ಇದೇನ್ರೀ ಇದು, ಎಲ್ಲಾರೂ ಜೂನ್ ಒಂದಕ್ಕ ಹುಟ್ಟ್ಯಾರ?"

"ಅದು ಸಾಲಿಗೆ ಹೆಸರು ಹಚ್ಚಿದ ಮಾಸ್ತರು ಹಡದ ದಿನಾ ರೀ," ಅಂದೆ. ಮನೆಯವರಿಗೆ ನೆನಪಿರುವುದು ಸುಗ್ಗಿ, ಹಬ್ಬ, ಅಮಾವಾಸ್ಯೆ. ಮಾಸ್ತರರಿಗೆ ಬೇಕಾದದ್ದು ತಾರೀಖು. ಹಾಗಾಗಿ ಅರ್ಧ ಜಿಲ್ಲೆ ಜೂನ್ ಒಂದಕ್ಕೆ ಹುಟ್ಟಿದೆ. ಯಂತ್ರ ಪಾಪ ಅದನ್ನು ನಂಬಿತು.

ನಂಬಿದ್ದಕ್ಕೆ ಬೇಗನೇ ಪೆಟ್ಟೂ ತಿಂದಿತು. ಕಾಕತಿಯಲ್ಲಿ ಅಣ್ಣತಮ್ಮಂದಿರು ಇಬ್ಬರು ಅಕ್ಕತಂಗಿಯರನ್ನು ಮದುವೆಯಾಗಿದ್ದರು. ಇಬ್ಬರಿಗೂ ಒಂದೇ ವರ್ಷ ಗಂಡುಮಗು, ಇಬ್ಬರಿಗೂ ತಾಯಿಯ ಕಡೆಯಿಂದ ಬಂದ ಅದೇ ರಕ್ತರೋಗ, ಇಬ್ಬರಿಗೂ ಅಜ್ಜನ ಹೆಸರೇ: ಬಸವರಾಜ. ಅಪ್ಪನ ಹೆಸರನ್ನು ಆಗ ಪ್ರೋಗ್ರಾಂ ನೋಡುತ್ತಿರಲಿಲ್ಲ. ಇಬ್ಬರನ್ನೂ ಒಬ್ಬನನ್ನಾಗಿ ಮಾಡಿ ಒಂದೇ ನಂಬರು ಕೊಟ್ಟುಬಿಟ್ಟಿತು. ಒಬ್ಬ ಬಸವರಾಜ ಬಂದು ಔಷಧ ಚುಚ್ಚಿಸಿಕೊಂಡು ಹೋದ. ಮರುದಿನ ಇನ್ನೊಬ್ಬ ಬಸವರಾಜ ಮೊಣಕಾಲು ಊದಿಸಿಕೊಂಡು ಅಜ್ಜನ ಹೆಗಲ ಮೇಲೆ ಬಂದ. ಔಷಧದ ಕಿಟಕಿಯಲ್ಲಿ "ಇವನು ನಿನ್ನೆಯೇ ತೊಗೊಂಡಾನ" ಎಂದು ಕಳಿಸಿಬಿಟ್ಟರು. ಅಜ್ಜ ಇಡೀ ಓಣಿ ಕೇಳುವಂತೆ ಕೂಗಿದ: "ಹೆಸರು ನಂದ ಇಟ್ಟಾರ, ಖರೇ. ಮೊಣಕಾಲು ಅವರವರದ ಐತ್ರೆಪಾ!"

ದೇಸಾಯಿ ಡಾಕ್ಟರು ತಾವೇ ಬಂದು ಹುಡುಗನಿಗೆ ಔಷಧ ಕೊಡಿಸಿದರು. ಆಮೇಲೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈದರು. ಅಂದೇ ಒಂದು ನಿಯಮ ಹುಟ್ಟಿತು, ಮೂರೂ ಆಸ್ಪತ್ರೆ ಒಪ್ಪಿಕೊಂಡವು: ಯಂತ್ರ ಎಷ್ಟೇ ಹೊಂದಿಸಲಿ, ರೋಗಿಯ ಮನೆಯವರು ಬಾಯಿಬಿಟ್ಟು "ಹೌದು, ಅವನೇ ಇವನು" ಅನ್ನದೆ ಎರಡು ದಾಖಲೆ ಕೂಡಿಸುವಂತಿಲ್ಲ, ಒಂದು ಆಸ್ಪತ್ರೆಯ ಫೈಲು ಇನ್ನೊಂದಕ್ಕೆ ಕೊಡುವಂತಿಲ್ಲ. ಒಳ್ಳೆಯ ನಿಯಮ. ಈಗಲೂ ಹಾಗೇ ಅನ್ನುತ್ತೇನೆ. ಆದರೆ "ಹೌದು" ಅನ್ನಲು ಹೆದರುವ ಮನೆಯೂ ಇರುತ್ತದೆಂದು ನಾವ್ಯಾರೂ ಯೋಚಿಸಿರಲಿಲ್ಲ.

ಸುಗ್ಗಿ ಮುಗಿದು ಬಿಸಿಲು ಏರುತ್ತಿದ್ದ ದಿನಗಳು. ಖಾನಾಪುರ ತಾಲೂಕಿನ ಪಾರಿಶ್ವಾಡದ ಕಡೆಯ ಒಬ್ಬ ಹೆಣ್ಣುಮಗಳು ಎಂಟು ವರ್ಷದ ಹುಡುಗಿಯನ್ನು ಎತ್ತಿಕೊಂಡು ನನ್ನ ಕಿಟಕಿಗೆ ಬಂದಳು. ಹುಡುಗಿಯ ದವಡೆ ಊದಿತ್ತು, ಬಾಯಿಗೆ ಕಟ್ಟಿದ ಬಟ್ಟೆ ಕೆಂಪಾಗಿತ್ತು.

"ಹುಡುಗಿ ಹೆಸರು?"

"ತಿಪ್ಪವ್ವ ರೀ."

"ತಾಯಿ ಹೆಸರು?"

"ಸಿದ್ದವ್ವ."

"ನೀವ ಏನ್ರಿ ಸಿದ್ದವ್ವ?"

"ಅಲ್ರಿ. ನಾ ನೀಲವ್ವ."

"ಈಕಿ ನಿಮಗೇನಾಗಬೇಕು?"

"ಏನೂ ಆಗಬೇಕಾಗಿಲ್ರಿ. ನಮ್ಮಕಿ ಅಲ್ರಿ," ಎಂದಳು. ಹಾಗೆನ್ನುತ್ತಲೇ ತನ್ನ ಸೆರಗಿನಿಂದ ಹುಡುಗಿಯ ಜೊಲ್ಲು ಒರೆಸಿದಳು. ಹುಡುಗಿಯ ಮೂಗು, ಗಲ್ಲ, ಕಿವಿ ಎಲ್ಲ ಆಕೆಯದೇ ಅಚ್ಚು. ಹಿಂದೆ ಏನೇನಾಗಿತ್ತು, ಎಲ್ಲಿ ತೋರಿಸಿದ್ದಿರಿ ಎಂದು ಕೇಳಿದ್ದಕ್ಕೆಲ್ಲ ಒಂದೇ ಉತ್ತರ: "ನನಗೇನ್ ಗೊತ್ತ್ರಿ, ನಮ್ಮಕಿ ಅಲ್ಲಲ್ಲ."

ದೇಸಾಯಿ ಡಾಕ್ಟರು ರಕ್ತ ನೋಡಿದರು. ರಕ್ತ ಹೆಪ್ಪುಗಟ್ಟಿಸುವ ಕಣಗಳ ಲೆಕ್ಕ ಸರಿಯಿತ್ತು, ಆದರೆ ಅವು ಒಂದರ ಕೈ ಒಂದು ಹಿಡಿಯುತ್ತಿರಲಿಲ್ಲ. ಲಕ್ಷಕ್ಕೊಬ್ಬರಿಗೂ ಇಲ್ಲದ ರೋಗ. ದವಡೆಯಲ್ಲಿ ಕೀವು ತುಂಬಿತ್ತು, ಹಲ್ಲು ಕೀಳಲೇಬೇಕು. ಕೀಳುವಾಗ ಬೇರೆಯವರ ರಕ್ತದ ಕಣಗಳನ್ನು ಕೊಡಬೇಕು, ಇಲ್ಲದಿದ್ದರೆ ರಕ್ತ ನಿಲ್ಲುವುದಿಲ್ಲ. ನಾಡಿದ್ದಿಗೆ ಎಂದು ಗೊತ್ತು ಮಾಡಿದರು.

ಅವತ್ತೇ ನಾನು ಹುಡುಗಿಯ ವಿವರವನ್ನು ಪ್ರೋಗ್ರಾಮಿಗೆ ಹಾಕಿದೆ. ಯಂತ್ರ ಹೊಂದಿಕೆ ಇಲ್ಲ ಎಂದಿತು. ಆದರೂ ತೀರಾ ಕೆಳಗೆ, ಅಂಕ ಕಡಿಮೆ ಬಿದ್ದ ಸಾಲಿನಲ್ಲಿ, ಗೋವಾದ ಒಬ್ಬ ಹುಡುಗಿಯನ್ನು ತೋರಿಸಿತು. ಭಾಗ್ಯಶ್ರೀ. ತಂದೆ ಈರಪ್ಪ, ಲಾರಿ ಡ್ರೈವರ್, ಖಾನಾಪುರ ತಾಲೂಕು. ಹೆಸರು ಬೇರೆ, ತಂದೆಯೂ ಬೇರೆ, ನಮ್ಮಲ್ಲಿ ನೀಲವ್ವ ಬರೆಸಿದ್ದು ಬೀರಪ್ಪ ಎಂದು. ರೋಗ ಮಾತ್ರ ಅದೇ, ರಕ್ತದ ಗುಂಪು ಅದೇ, ವಯಸ್ಸೂ ಅದೇ. ಜೊತೆಗೆ ಒಂದು ಎಚ್ಚರಿಕೆ: ಸಾಮಾನ್ಯ ಕಣಗಳನ್ನು ಕೊಟ್ಟಾಗ ಮೈ ತಿರಸ್ಕರಿಸಿದೆ, ಉಸಿರು ನಿಂತಿದೆ, ಹೊಂದುವ ದಾನಿಯದಲ್ಲದೆ ಮತ್ತೆ ಕೊಡಬಾರದು.

ಒಂದೇ ತಾಲೂಕಿನಲ್ಲಿ ಇಂಥ ಇಬ್ಬರು ಹುಡುಗಿಯರೇ? ಡಾಕ್ಟರಿಗೆ ತೋರಿಸಿದೆ. ಅವರು ಚಹಾ ಪಕ್ಕಕ್ಕಿಟ್ಟು ಗೋವಾಕ್ಕೆ ಫೋನ್ ಮಾಡಿದರು. ಹೊಂದುವ ದಾನಿ ಯಾರೆಂದು ಫೈಲಿನಲ್ಲಿದೆ, ಆದರೆ ಮನೆಯವರ ಒಪ್ಪಿಗೆ ಇಲ್ಲದೆ ಕೊಡುವಂತಿಲ್ಲ ಎಂದು ಅಲ್ಲಿಯವರು ನಮ್ಮದೇ ನಿಯಮವನ್ನು ನಮಗೆ ಓದಿ ಹೇಳಿದರು. ಡಾಕ್ಟರಿಗೆ ಇತ್ತ ದರಿ ಅತ್ತ ಪುಲಿ. ಈಕೆ ಭಾಗ್ಯಶ್ರೀ ಆಗಿದ್ದರೆ ನಾಡಿದ್ದಿನ ಚಿಕಿತ್ಸೆಯೇ ಕೊಲ್ಲುತ್ತದೆ. ಆಗಿರದಿದ್ದರೆ ಸುಮ್ಮನೆ ತಡಮಾಡಿದಂತಾಗಿ ಕೀವು ತಲೆಗೇರುತ್ತದೆ. ಪರೀಕ್ಷೆಗೆ ರಕ್ತವನ್ನು ಮುಂಬಯಿಗೆ ಕಳಿಸಿ ಕಾಯುವಷ್ಟು ಹೊತ್ತು ಆ ದವಡೆಗೆ ಇರಲಿಲ್ಲ.

ಅಷ್ಟರಲ್ಲಿ ವಾರ್ಡಿನಲ್ಲಿ ಬೇರೆಯದೇ ಗದ್ದಲ. ರೋಗಿಗಳ ಮನೆಯ ಕಷ್ಟಸುಖ ವಿಚಾರಿಸುವ ಅಧಿಕಾರಿ ವನಜಾಕ್ಷಿ, ಮೈಸೂರಿನ ಕಡೆಯವಳು, ಹೊಸದಾಗಿ ಬಂದಿದ್ದಳು. ಹುಡುಗಿಯನ್ನು ಮಾತಾಡಿಸಿ, ನಿಮ್ಮ ಅಮ್ಮ ಯಾರು ಪುಟ್ಟಿ ಎಂದು ಕೇಳಿದ್ದಾಳೆ. ತಿಪ್ಪವ್ವ ಊದಿದ ಬಾಯಲ್ಲೇ ಹೆಮ್ಮೆಯಿಂದ ಹೇಳಿದ್ದಾಳೆ: "ನನ್ನ ಮಾರ್ಯಾರ್ರಿ. ಸಿದ್ದವ್ವಾಯಿ ಕೊಂಡಾಳ."

ವನಜಾಕ್ಷಿ ನನ್ನ ಹತ್ತಿರ ಓಡಿಬಂದಳು. "ಮೇಡಂ, ಮಗು ಮಾರಾಟದ ಕೇಸು! ಪೊಲೀಸರಿಗೆ ಹೇಳಿದ್ದೀನಿ."

ನಾನು ವಾರ್ಡಿಗೆ ಓಡಿದೆ. ನೀಲವ್ವ ಆಗಲೇ ಹುಡುಗಿಯನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಇಳಿಯುತ್ತಿದ್ದಳು. ಅವಳ ಎರಡೂ ಭುಜ ಹಿಡಿದು ನಿಲ್ಲಿಸಿದೆ. ಮರದಾಗ ಹಾಕಿ ಮಾರಿದ್ದೇನವ್ವ, ಎಂದು ಕೇಳಿದೆ. ಮರ ಅಂದರೆ ನಮ್ಮ ಕಡೆ ಮೊರ. ಆಕೆ ನನ್ನ ಮುಖವನ್ನೇ ನೋಡಿದಳು, ಇಲ್ಲ ಅನ್ನಲಿಲ್ಲ.

ನನ್ನ ಸೋದರಮಾವ ತಿಪ್ಪಣ್ಣನನ್ನೂ ಹಾಗೇ ಮಾರಿದ್ದರು. ಹುಟ್ಟಿದ ಮಕ್ಕಳು ನಿಲ್ಲದ ಮನೆಯಲ್ಲಿ ಮತ್ತೆ ಮಗು ಹುಟ್ಟಿದರೆ ಅದನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲೆ ಇಡುತ್ತಾರೆ. ಬೇರೆ ಮನೆಯ ಹೆಂಗಸು ಒಂದು ಮೊರ ತೌಡು ಕೊಟ್ಟು ಅದನ್ನು ಕೊಂಡುಕೊಳ್ಳುತ್ತಾಳೆ. ಮಗು ಬೆಳೆಯುವುದು ಹೆತ್ತವರಲ್ಲೇ, ಆದರೆ ಮಾತಿಗೆ ಅದು ಕೊಂಡವಳದು. ಕಸದ ಹೆಸರು ಇಡುತ್ತಾರೆ. ಹೆತ್ತವಳು ಯಾರ ಮುಂದೆಯೂ ನನ್ನದು ಅನ್ನುವುದಿಲ್ಲ, ಅಂದರೆ ಸಾವಿಗೆ ಕೇಳಿಸುತ್ತದೆ. ದೊಡ್ಡದಾದ ಮೇಲೆ ಒಂದು ಮೊರ ಜೋಳ ಕೊಟ್ಟು ವಾಪಸು ಕೊಳ್ಳುತ್ತಾರೆ.

ಇದನ್ನು ವನಜಾಕ್ಷಿಗೆ ಹೇಳಿದಾಗ ಅವಳ ಕಣ್ಣಲ್ಲಿ ನೀರು ಬಂತು. "ನಮ್ಮ ಕಡೆ ಗುಂಡ ಅಂತ ಹೆಸರಿಡ್ತಾರೆ, ಮಾರೋದು ನಾನು ಕೇಳಿರಲಿಲ್ಲ," ಎಂದಳು. ಪೊಲೀಸರಿಗೆ ತಾನೇ ಎದುರು ಹೋಗಿ, ತಿಳಿಸಿ ಹೇಳಿ, ಚಹಾ ಕುಡಿಸಿ ಕಳಿಸಿದಳು. ಅವಳ ಗಾಬರಿಯನ್ನು ನಾನು ತಪ್ಪೆನ್ನುವುದಿಲ್ಲ. ಹಾಗೆ ಗಾಬರಿಯಾಗುವವರೂ ಆಸ್ಪತ್ರೆಯಲ್ಲಿ ಇರಬೇಕು.

ನೀಲವ್ವನನ್ನು ಹಿತ್ತಲಿನ ಬೇವಿನ ಮರದ ಕೆಳಗೆ ಕೂರಿಸಿದೆ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡಳು. ಆಮೇಲೆ, "ಒಬ್ಬಾಕಿ ಇದ್ಲು ಅಂತ ತಿಳಕೋರಿ ಬಾಯಾರ," ಎಂದು ಶುರುಮಾಡಿದಳು. "ಅಕಿ ಹಡದದ್ದು ಎರಡು, ಎರಡೂ ರಕ್ತಾ ಸೋರಿ ಹ್ವಾದೂವು. ಮೂರನೇದ್ದು ಹೆಣ್ಣು. ಆಗ ಹೊಲದಾಗ ಗೊಬ್ಬರಕ್ಕಂತ ಕುರಿ ನಿಲ್ಲಿಸಿದ್ರು. ಕುರಬರಾಕಿ ಕೊಂಡ್ಲು. ಕೂಸು ಚೊಲೋ ಇತ್ರಿ. ಒಂದ್ಸಲ ಗಂಡ ಗೋವಾಕ್ಕ ಕರಕೊಂಡು ಹೋದ. ಅಲ್ಲಿ ದವಾಖಾನ್ಯಾಗ ಚಂದನ ಹೆಸರು ಬರೆಸಿ, ನನ್ನ ಮಗಳು ಅಂದ. ಅಂದದ್ದ ತಡಾ, ಕೂಸಿನ ಉಸರ ನಿಂತು ಹೋಗಿತ್ತಂತ."

ನಮಗೆ ಅದು ರಕ್ತದ ಕಣಗಳ ತೊಂದರೆ. ಆಕೆಗೆ ಅದು "ನನ್ನ ಮಗಳು" ಎಂದದ್ದರ ಫಲ. ಆಕೆಯ ಕಣ್ಣಿನಿಂದ ನೋಡಿದರೆ ತಪ್ಪೆಲ್ಲಿದೆ, ನೀವೇ ಹೇಳಿ.

"ನೀಲವ್ವ, ಆ ಒಬ್ಬಾಕಿ ಹೌದು ಅಂದ್ರ ಸಾಕವ್ವ. ಗೋವಾದಾಕಿ, ಈಕಿ ಒಬ್ಬಾಕಿನ ಅಂತ. ಇಲ್ಲಂದ್ರ ಹುಡುಗಿ ಉಳಿಯೂದು ಕಷ್ಟ ಐತಿ."

ಆಕೆ ತಲೆಯೆತ್ತಿದಳು. "ನಾ ಹೌದಂದು ಅಕಿ ಹ್ವಾದ್ರ, ಆ ಮಾತು ನೀವು ನನಗ ವಾಪಸ್ ಕೊಡತೀರೇನ್ರಿ?"

ಅವತ್ತು ನನಗೆ ಅಳು ಬಂತು, ಸಿಟ್ಟೂ ಬಂತು. ಡಾಕ್ಟರ ಹತ್ತಿರ ಹೋಗಿ ಹೇಳಿದೆ. ಅವರಿಗೆ ನನಗಿಂತ ಹೆಚ್ಚು ಸಿಟ್ಟು ಬಂತು.

"ಒಬ್ಬಾಕಿ ಇದ್ಲು ಅಂತ ನಾ ಗೋವಾಕ್ಕ ಕತಿ ಹೇಳ್ಲೇನು? ಅವರು ಒಪ್ಪಿಗಿ ಕೇಳತಾರ. ಒಂದು ದಿನಾ ಮುಂದ ಹಾಕತೀನಿ, ಹೆಚ್ಚಿಗಿ ಆಗೂದಿಲ್ಲ. ಯಾರರ ಒಬ್ಬರು ಹೌದನ್ಲಿ, ಪಾರ್ವತಿ!"

ಯಾರಾದರೂ ಒಬ್ಬರು. ನೀಲವ್ವನ ಗಂಡ ಲಾರಿ ತೆಗೆದುಕೊಂಡು ಯಾವ ರಾಜ್ಯದಲ್ಲಿದ್ದಾನೋ, ಆಗ ಮೊಬೈಲ್ ಎಲ್ಲಿಯದು? ವಾಪಸು ಬೇವಿನ ಮರಕ್ಕೆ ಹೋದೆ. "ಹಂಗಾರ ಈ ಮಾತು ಹೇಳೂ ಹಕ್ಕು ಯಾರಿಗೈತಿ ನೀಲವ್ವ?"

"ಕೊಂಡಾಕಿಗಿ," ಎಂದಳು, ಇದೇನು ಕೇಳುವ ಮಾತೇ ಎಂಬಂತೆ.

ಕುರಿಯ ಮಂದಿ ಒಂದು ಕಡೆ ನಿಲ್ಲುವವರಲ್ಲ. ಮೀನಲ್ ಮೇಡಂ ಕಾಲೇಜಿಗೆ ರಜೆ ಹಾಕಿ ನನ್ನ ಜೊತೆ ಖಾನಾಪುರದ ಬಸ್ಸು ಹತ್ತಿದರು. ತಮ್ಮ ಯಂತ್ರಕ್ಕೆ ಸಿಗದ ಹೊಂದಿಕೆಯನ್ನು ಕಣ್ಣಾರೆ ನೋಡಬೇಕಿತ್ತಂತೆ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅವರು ಮರಾಠಿಯಲ್ಲಿ, ನಾನು ಕನ್ನಡದಲ್ಲಿ, ಬಂದುಹೋಗುವವರನ್ನೆಲ್ಲ ಕೇಳಿದೆವು. ಹಲಸಿಯ ಕಡೆ ಎಂದು ಒಬ್ಬರು, ಅಲ್ಲಿಂದ ಎದ್ದು ಹೋಗಿ ವಾರವಾಯಿತು ಎಂದು ಇನ್ನೊಬ್ಬರು. ಕೊನೆಗೆ ಉಣ್ಣೆ ಕೊಳ್ಳುವ ವ್ಯಾಪಾರಿಯೊಬ್ಬ ಸರಿಯಾದ ಹೊಲ ಹೇಳಿದ. ಕಟಾವಾದ ಜೋಳದ ಕೂಳೆಯಲ್ಲಿ ಮೀನಲ್ ಮೇಡಂ ಸೀರೆ ಎತ್ತಿಕೊಂಡು ನಡೆದದ್ದನ್ನು ನೋಡಿದ್ದರೆ ಅವರ ವಿದ್ಯಾರ್ಥಿಗಳು ಪರೀಕ್ಷೆಯನ್ನೇ ಮರೆಯುತ್ತಿದ್ದರು.

ಸಿದ್ದವ್ವ ಉಣ್ಣೆ ನೂಲುತ್ತಾ ಕುರಿಗಳ ನಡುವೆ ನಿಂತಿದ್ದಳು. ವಿಷಯ ಹೇಳಿದೆವು. ಪೂರ್ತಿ ಕೇಳುವ ಮೊದಲೇ ಕೋಲನ್ನು ಗಂಡನ ಕೈಗೆ ಕೊಟ್ಟಳು. "ನನ್ನ ಕೂಸಿಗೆ ಆರಾಮಿಲ್ಲಂತ, ನಾ ಹೊಂಟೆ," ಎಂದಳು. ಗಂಡ ಬೀರಪ್ಪ, "ರೊಟ್ಟಿ ತಿಂದರ ಹೋಗ," ಅಂದ. "ನೀನ ತಿನ್ನು," ಎಂದು ನಮಗಿಂತ ಮುಂದೆ ನಡೆದಳು.

ಡಾಕ್ಟರ ಕೋಣೆಯಲ್ಲಿ ಎಲ್ಲರೂ ಇದ್ದೆವು. ನೀಲವ್ವ ಬಾಗಿಲ ಹೊರಗೆ ಗೋಡೆಗೆ ಮುಖ ಮಾಡಿ, ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದಳು. ನಿಯಮದಂತೆ ನಾನೇ ಕೇಳಿದೆ: "ತಿಪ್ಪವ್ವ ನಿಮಗೇನಾಗಬೇಕು?"

"ಮಗಳ್ರಿ. ಒಂದ ಮರ ತೌಡ ಕೊಟ್ಟ ಕೊಂಡೀನಿ, ಪುಗಸೆಟ್ಟೆ ಬಂದಾಕಿ ಅಲ್ಲ." ಆಮೇಲೆ ಧ್ವನಿ ಏರಿಸಿದಳು, ನಮಗಲ್ಲದೆ ಇನ್ಯಾರಿಗೋ ಹೇಳುವಂತೆ. "ಗೋವಾಕ್ಕ ಹೋದಾಕಿನೂ ಈಕಿನ. ಭಾಗ್ಯಶ್ರೀನೂ ಈಕಿನ. ಹೌದು ಅಂತ ನಾ ಹೇಳೀನಿ, ಯಾರಿಗಿ ಕೇಳಬೇಕೋ ಕೇಳಲಿ. ಬರೂದಿದ್ರ ಸಾವು ನನ್ನ ಹಟ್ಟಿಗಿ ಬರಲಿ. ಅಲ್ಲಿ ನಾಯಿ ಅದಾವ."

ಡಾಕ್ಟರು ಫೋನ್ ಎತ್ತಿಕೊಂಡರು. ಸಿದ್ದವ್ವನ ಹೆಬ್ಬೆರಳಿನ ಒಪ್ಪಿಗೆ ಫ್ಯಾಕ್ಸಿನಲ್ಲಿ ಗೋವಾಕ್ಕೆ ಹೋಯಿತು, ಫೈಲು ಫ್ಯಾಕ್ಸಿನಲ್ಲಿ ಬಂತು. ಹೊಂದುವ ದಾನಿ ಒಬ್ಬ ಶಾಲಾ ಶಿಕ್ಷಕರು. ಸುದ್ದಿ ಮುಟ್ಟಿದ ಕೂಡಲೇ ಲೋಂಡಾ ಮಾರ್ಗದ ರೈಲಿನಲ್ಲಿ ಬಂದು ಇಳಿದರು. ಹುಡುಗಿಯ ಜಾತಿ, ಊರು ಯಾವುದನ್ನೂ ಕೇಳಲಿಲ್ಲ, ಊಟ ಎಲ್ಲಿ ಚೆನ್ನಾಗಿರುತ್ತದೆ ಎಂದಷ್ಟೇ ಕೇಳಿದರು. ಹಲ್ಲು ಕಿತ್ತರು. ರಕ್ತ ಬಂತು, ನಮ್ಮೆಲ್ಲರ ಜೀವ ಬಾಯಿಗೆ ಬಂತು, ಆಮೇಲೆ ನಿಂತಿತು. ಸುದ್ದಿ ಹೇಳಲು ಹೋದಾಗ ನೀಲವ್ವ ನನ್ನ ಕೈ ಹಿಡಿದು, "ಸಿದ್ದವ್ವನ ಮಗಳು ಉಳದ್ಲು ಅನ್ರಿ," ಎಂದು ಬಿಕ್ಕಿ ಬಿಕ್ಕಿ ಅತ್ತಳು.

ಮೀನಲ್ ಮೇಡಂ ಆಮೇಲೆ ಪ್ರೋಗ್ರಾಮಿನಲ್ಲಿ ಎರಡು ಹೊಸ ಜಾಗ ಮಾಡಿದರು. ಒಂದು, ಮನೆಯಲ್ಲಿ ಕರೆಯುವ ಹೆಸರಿಗೆ. ಇನ್ನೊಂದು, ಮಗುವಿನ ಪರವಾಗಿ ಮಾತಾಡುವವರು ಯಾರು ಎಂಬುದಕ್ಕೆ. ಬೇರೆ ಎರಡು ಆಸ್ಪತ್ರೆಯವರು ಇದೆಲ್ಲ ಯಾಕೆ ಎಂದರು. ದೇಸಾಯಿ ಡಾಕ್ಟರು ತಮ್ಮ ಸಕ್ಕರೆಯಿಲ್ಲದ ಭಾಷೆಯಲ್ಲಿ ತಿಳಿಸಿ ಹೇಳಿದರು. ಆ ಜಾಗಗಳು ಈಗಲೂ ಇವೆ. ಹೊಸ ಹುಡುಗಿಯರೇ, ನೀವು ಅವನ್ನು ಖಾಲಿ ಬಿಟ್ಟು ಮುಂದೆ ಹೋಗುವುದನ್ನು ಮೊನ್ನೆ ನೋಡಿದೆ. ಹಾಗೆ ಮಾಡಬೇಡಿ.

ತಿಪ್ಪವ್ವ ಆಗಾಗ ಬರುತ್ತಿದ್ದಳು. ಬಂದಾಗಲೆಲ್ಲ ನಾನು ಕೇಳುತ್ತಿದ್ದೆ, ನೀಲವ್ವ ಅದೇ ಉತ್ತರ ಕೊಡುತ್ತಿದ್ದಳು: ನಮ್ಮಕಿ ಅಲ್ರಿ. ಕೇಳಿ ಕೇಳಿ ಅದು ನಮ್ಮಿಬ್ಬರ ನಮಸ್ಕಾರದಂತಾಗಿತ್ತು. ಹುಡುಗಿ ನನ್ನ ಕಣ್ಣ ಮುಂದೆಯೇ ಉದ್ದವಾದಳು, ಕಾಲೇಜಿಗೆ ಹೋದಳು, ಬಟ್ಟೆ ಹೊಲಿಯುವ ಅಂಗಡಿ ಇಟ್ಟಳು.

ನಾನು ನಿವೃತ್ತಳಾಗುವ ವರ್ಷ ಒಂದು ಬೆಳಿಗ್ಗೆ ಮೂವರೂ ಒಟ್ಟಿಗೆ ಬಂದರು. ಸಿದ್ದವ್ವ ಬಾಗಿದ್ದಳು, ತಿಪ್ಪವ್ವನ ಭುಜ ಹಿಡಿದು ನಿಂತಿದ್ದಳು. ನೀಲವ್ವ ಹೊಸ ಸೀರೆ ಉಟ್ಟಿದ್ದಳು. ತಾಯಿಯ ಹೆಸರು ಬದಲಿಸಬೇಕು ಎಂದು ತಿಪ್ಪವ್ವ ಹೇಳಿದಳು.

ಸಿದ್ದವ್ವ ನನ್ನ ಕಡೆ ಬಗ್ಗಿ, "ನಿನ್ನಿ ಒಂದ ಮರ ಜ್ವಾಳಾ ಇಸಗೊಂಡ್ನಿ ಬಾಯಾರ. ಇನ್ನ ಸಾವಿಗಿ ಈಕಿ ಹೆಸರ ಮರತಿರತೈತಿ," ಎಂದು ನಕ್ಕಳು.

ನಿಯಮ ನಿಯಮವೇ. ನೀಲವ್ವನ ಕಡೆ ತಿರುಗಿ ಕೇಳಿದೆ. "ಈಕಿ ನಿಮಗೇನಾಗಬೇಕು?"

ನೀಲವ್ವ ಹಿಂದೆ ನೋಡಿದಳು, ಬಾಗಿಲ ಕಡೆ ನೋಡಿದಳು. ತಿಪ್ಪವ್ವ ಆಕೆಯ ಕೈ ಹಿಡಿದುಕೊಂಡಳು.

"ನಮ್ಮಕಿರಿ," ಎಂದಳು ನೀಲವ್ವ, ಕೇಳಿಸದಷ್ಟು ಮೆಲ್ಲಗೆ.

ನನಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ ಇನ್ನೊಮ್ಮೆ ಕೇಳಬೇಕೆನಿಸಿತು. "ಏನಂದ್ರಿ ನೀಲವ್ವ?"

"ನಮ್ಮಕಿರಿ! ನನ್ನ ಮಗಳು. ದೊಡ್ಡ ಅಕ್ಷರದಾಗ ಬರೀರಿ ಬಾಯಾರ."

ನಮ್ಮ ಕಂಪ್ಯೂಟರಿನಲ್ಲಿ ಎಲ್ಲ ಅಕ್ಷರವೂ ಒಂದೇ ಅಳತೆಯವು. ಅದನ್ನು ಆಕೆಗೆ ಹೇಳಲಿಲ್ಲ.